ಮಧ್ಯದಲ್ಲಿ ಎದ್ದರೆ

ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆಗಳು. ಒಂದು ಹಳೆಯ ಬಾವಿಯ ಸುತ್ತ ಬಳೆಯ ಹಾಗೆ ಕೂತಿವೆ. ಹಾಗಾಗಿ ಮೊದಲನೆಯ ಮನೆ ಯಾವುದು, ಕೊನೆಯದು ಯಾವುದು ಎಂದು ಅಂಚೆಯವನಿಗೂ ಗೊತ್ತಿಲ್ಲ. ಇಲ್ಲಿ ಯಾರಾದರೂ ಒಂದು ಕೆಲಸ ಹಿಡಿದು, ಅರ್ಧದಲ್ಲಿ ‘ಆಮೇಲೆ ಮಾಡಿದರಾಯಿತು’ ಅಂದುಕೊಂಡು ಎದ್ದರೆ, ಆ ಕೆಲಸ ಬಲಗಡೆಯ ಮನೆಗೆ ಹೋಗಿ ಕೂರುತ್ತದೆ. ಬಾಯಿಬಿಟ್ಟು ಹೇಳಬೇಕೆಂದಿಲ್ಲ, ಮನಸ್ಸಿನಲ್ಲಿ ಅಂದುಕೊಂಡರೂ ಸಾಕು. ಸುಲಿಯುತ್ತಿದ್ದ ಅವರೆಕಾಯಿ, ಗುಂಡಿ ಹಾಕುತ್ತಿದ್ದ ಅಂಗಿ, ಅರ್ಧ ತುಂಬಿದ ಅರ್ಜಿ, ಎಲ್ಲವೂ ಮೆಲ್ಲಗೆ ಜರುಗುತ್ತ ಹೊಸ್ತಿಲ ತನಕ ಕಾಣಿಸುತ್ತವೆ, ಆಮೇಲೆ ನೋಡಿದರೆ ಪಕ್ಕದವರ ಜಗುಲಿಯ ಮೇಲಿರುತ್ತವೆ. ಊರಿನ ಎಲ್ಲ ಬೀದಿಗಳಲ್ಲೂ ಹೀಗೇ. ನಮ್ಮ ಬೀದಿಯಲ್ಲಿ ಸ್ವಲ್ಪ ಜಾಸ್ತಿ, ಅದಕ್ಕೆ ಕಾರಣ ನಾನು ಎಂದು ನನ್ನ ಬಲಗಡೆ ಮನೆಯ ಟೈಲರ್ ಜಬೀನಕ್ಕ ಹೇಳುತ್ತಾಳೆ.

ಬಂದ ಕೆಲಸವನ್ನು ಮುಟ್ಟದೆ ಮುಂದೆ ದಾಟಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಒಂದು ಕೈ ಹಾಕಬೇಕು. ಒಂದು ಹಿಡಿ ಅವರೆ ಸುಲಿದು, ಒಂದು ಗುಂಡಿ ಹೊಲಿದು, ಉಳಿದದ್ದು ಆಮೇಲೆ ಅಂದುಕೊಂಡರೆ ಅದು ಮುಂದಿನ ಮನೆಗೆ ಹೋಗುತ್ತದೆ. ಹೀಗೆ ಬೀದಿ ಸುತ್ತಿ ಬರುವಷ್ಟರಲ್ಲಿ ಕೆಲಸ ಹೆಚ್ಚುಕಮ್ಮಿ ಮುಗಿದಿರುತ್ತದೆ. ನನ್ನ ಒಂದು ಬಿಳಿ ಅಂಗಿಯ ಗುಂಡಿಗಳಿಗೆ ಐದು ಬಣ್ಣದ ದಾರವಿದೆ. ಹೊರಗಿನಿಂದ ಬಂದವರು ನಮ್ಮನ್ನು ಸೋಮಾರಿಗಳು ಅನ್ನುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ, ಅರ್ಧ ನಿಜ ಅದು.

ಈ ಏರ್ಪಾಡಿನಿಂದ ಕೆಡುವವರು ಓದುವ ಮಕ್ಕಳು. ಅವರೆಕಾಯನ್ನು ಯಾರು ಸುಲಿದರೂ ಸಾರಿಗೆ ಬರುತ್ತದೆ. ಆದರೆ ಒಬ್ಬರ ಪಾಠವನ್ನು ಇನ್ನೊಬ್ಬರು ಓದಿದರೆ ಏನು ಬಂತು? ನಮ್ಮವರಿಗೆ ಇದು ಹೇಳಿದರೆ ತಿಳಿಯುವುದಿಲ್ಲ. ಪುಸ್ತಕ ಬಂದರೆ ಅದಕ್ಕೂ ಒಂದು ಕೈ ಹಾಕುತ್ತಾರೆ, ಕನ್ನಡಕ ಏರಿಸಿಕೊಂಡು ಶ್ರದ್ಧೆಯಿಂದ ಒಂದು ಪುಟ ಓದಿ ಮುಂದೆ ಬಿಡುತ್ತಾರೆ. ನಿವೃತ್ತ ಬಸ್ ಕಂಡಕ್ಟರ್ ತಿಪ್ಪೇಸ್ವಾಮಿಯವರು ಈಗ ಮನೆಗೆ ಬಂದವರ ಕೈ ಹಿಡಿದು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಇಪ್ಪತ್ತೇಳು ಮೂಳೆಗಳನ್ನು ಒತ್ತಿ ಒತ್ತಿ ಎಣಿಸುತ್ತಾರೆ. ಆ ಪುಸ್ತಕ ಅವರ ಎಡಗಡೆ ಮನೆಯ ತಾರಿಣಿಯದು. ತಾರಿಣಿಗೆ ಇಪ್ಪತ್ತೇಳು ಎಂಬುದು ಗೊತ್ತಿರಲಿಲ್ಲ.

ತಾರಿಣಿಗೆ ಹತ್ತೊಂಬತ್ತು ವರ್ಷ. ನರ್ಸಿಂಗ್ ಶಾಲೆಯಲ್ಲಿ ಎರಡನೆಯ ವರ್ಷ ಓದುತ್ತಿದ್ದಳು. ಮೊದಲ ವರ್ಷದ ಅನಾಟಮಿ ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಫೇಲಾದರೆ ಶಾಲೆ ಬಿಡಬೇಕು, ಅಲ್ಲಿನ ನಿಯಮ ಅದು. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗಿಗೆ ಆ ಇಂಗ್ಲಿಷ್ ಪುಸ್ತಕದ ಒಂದೊಂದು ಸಾಲೂ ಕಲ್ಲಾಗಿತ್ತು. ಎರಡು ಸಾಲು ಓದುವಳು, ಅರ್ಥವಾಗದೆ ‘ಆಮೇಲೆ’ ಅಂದುಕೊಂಡು ಏಳುವಳು, ಪುಸ್ತಕ ತಿಪ್ಪೇಸ್ವಾಮಿಯವರ ಮನೆ ಸೇರುವುದು. ಪರೀಕ್ಷೆಯಲ್ಲೂ ಅದೇ ಕಥೆ. ಕಷ್ಟದ ಪ್ರಶ್ನೆಯನ್ನು ಕೊನೆಗೆ ನೋಡೋಣ ಅಂದುಕೊಂಡರೆ ಉತ್ತರ ಪತ್ರಿಕೆಯೇ ಜರುಗಿ ಬಲಗಡೆಯ ಬೆಂಚಿಗೆ ಹೋಗುತ್ತದೆ. ಮೊದಲ ಎರಡು ಸಲ ಮೇಲ್ವಿಚಾರಕರು ತಂದುಕೊಡುತ್ತಾರೆ, ಮೂರನೆಯ ಸಲ ಹೋದರೆ ಅವರೇ ಇಟ್ಟುಕೊಳ್ಳುತ್ತಾರೆ. ತಾರಿಣಿಯ ಪತ್ರಿಕೆ ಎರಡು ಸಲವೂ ಒಂದು ಗಂಟೆಯೊಳಗೆ ಮೇಲ್ವಿಚಾರಕರ ಮೇಜಿನ ಮೇಲಿತ್ತು.

ಅವಳ ತಾಯಿ ಸಾಕಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಹಾಸಿಗೆಯ ಬಟ್ಟೆ ಒಗೆಯುವುದು, ರೋಗಿಗಳನ್ನು ಎಬ್ಬಿಸಿ ನಡೆಸುವುದು, ನೆಲ ಒರೆಸುವುದು, ಹದಿನಾರು ವರ್ಷದಿಂದ ಅದೇ ಕೆಲಸ. ಮಗಳು ನರ್ಸಾಗಬೇಕು ಎಂಬುದನ್ನು ಬಿಟ್ಟರೆ ಬೇರೆ ಆಸೆ ಇದ್ದ ಹಾಗೆ ಕಾಣೆ. ಮನೆಗೆ ಬಂದಾಗ ಪುಸ್ತಕ ಇಲ್ಲದ್ದು ಕಂಡರೆ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದರು. ನಾವು ಕಿವಿ ಇಲ್ಲದವರ ಹಾಗೆ ಇರುತ್ತಿದ್ದೆವು.

ಪರೀಕ್ಷೆಗೆ ನಲವತ್ತೆರಡು ದಿನ ಇರುವಾಗ ತಾರಿಣಿ ನನ್ನ ಅಂಗಡಿಗೆ ಬಂದಳು. ನನ್ನ ಹೆಸರು ಇಂದುಧರ. ಮನೆಯ ಮುಂದಿನ ಕೋಣೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ, ಕಂಪ್ಯೂಟರ್ ಡಿಪ್ಲೊಮಾ ಮೂರು ವರ್ಷ ಓದಿ ಎರಡು ವರ್ಷದಷ್ಟು ಮುಗಿಸಿದ್ದೇನೆ. ಒಮ್ಮೆ ಊರಿನ ಬಸ್ಸುಗಳ ವೇಳೆ ತೋರಿಸುವ ಆ್ಯಪ್ ಮಾಡಿದ್ದೆ, ಆ ಧೈರ್ಯದ ಮೇಲೆ ಅವಳು ಬಂದಿದ್ದಳು. ಓದಲು ಕೂರಿಸುವ ಆ್ಯಪ್ ಬೇಕು ಅಂದಳು. ಅಂಥವು ನೂರಾರು ಇವೆಯಲ್ಲ ಎಂದೆ. ಅವಳು ತನ್ನ ಫೋನ್ ತೆಗೆದು ಒಂದನ್ನು ತೋರಿಸಿದಳು. ಇಪ್ಪತ್ತೈದು ನಿಮಿಷ ಏಳದೆ ಓದಿದರೆ ಒಂದು ಮೊಟ್ಟೆ ಒಡೆದು ಮರಿ ಹೊರಗೆ ಬರುತ್ತದಂತೆ. ಮಧ್ಯದಲ್ಲಿ ಎದ್ದರೆ ಮೊಟ್ಟೆ ನೆಲಕ್ಕೆ ಬಿದ್ದು ಹೋಗುತ್ತದಂತೆ. ಅವಳಿಂದ ಅರವತ್ತೆರಡು ಮೊಟ್ಟೆ ಬಿದ್ದಿದ್ದವು, ಒಂದು ಮರಿಯೂ ಆಗಿರಲಿಲ್ಲ. ಈಗ ಅದನ್ನು ತೆರೆಯುವುದನ್ನೇ ಬಿಟ್ಟಿದ್ದೇನೆ ಎಂದಳು.

ನಾನು ಇನ್ನೂರು ಪುಟದ ಒಂದು ಹೊಸ ನೋಟ್‌ಬುಕ್ ತೆಗೆದೆ. ನನಗೆ ಹೊಸ ನೋಟ್‌ಬುಕ್ ಅಂದರೆ ಪ್ರಾಣ, ಅದರ ಮೊದಲ ಪುಟವನ್ನು ನನ್ನಷ್ಟು ಚೆನ್ನಾಗಿ ಬರೆಯುವವರು ಊರಿನಲ್ಲಿಲ್ಲ. ಒಂದೇ ಪರದೆ, ಅದರ ಮಧ್ಯೆ ಒಂದು ದುಂಡನೆಯ ಗುರುತು, ಕೆಳಗೆ ‘ಶುರು’ ಎಂಬ ಒಂದೇ ಗುಂಡಿ, ಇಷ್ಟೇ ಸಾಕು ಎಂದು ಬರೆದೆ. ಬಣ್ಣ ಬೇಡ, ಬಹುಮಾನ ಬೇಡ, ಇನ್ನೊಬ್ಬರು ಎಷ್ಟು ಓದಿದರು ಎಂಬ ಪಟ್ಟಿ ಖಂಡಿತ ಬೇಡ. ಶುರು ಒತ್ತಿದ ಮೇಲೆ ಆ ದುಂಡನೆಯದು ಚಂದ್ರನ ಹಾಗೆ ಸವೆಯುತ್ತ ಹೋಗಬೇಕು, ಸವೆದು ಮುಗಿದರೆ ಒಂದು ಸದ್ದು. ಗಂಟೆಯ ಸದ್ದು ಹಾಕೋಣ ಎಂದಾಗ ಅವಳು ಪರೀಕ್ಷೆಯ ನೆನಪಾಗುತ್ತದೆ, ಬೇಡ ಅಂದಳು. ಸ್ಟೀಲ್ ಲೋಟವನ್ನು ಕಲ್ಲಿನ ಮೇಲೆ ಇಟ್ಟ ಸದ್ದು ಸಾಕು, ಯಾರೋ ಕಾಫಿ ತಂದಿಟ್ಟ ಹಾಗಿರುತ್ತದೆ ಎಂದಳು. ಅದನ್ನೂ ಬರೆದುಕೊಂಡೆ.

ಎಷ್ಟು ನಿಮಿಷ ಎಂಬುದೇ ಮೊದಲ ತೊಡಕಾಯಿತು. ಇಪ್ಪತ್ತೈದು ಅಂದರೆ ಅವಳ ಮುಖ ಇಳಿಯಿತು. ಸರಿ, ಅಳತೆಯನ್ನೇ ತೆಗೆಯೋಣ ಎಂದು ಅಂಗಡಿಯಲ್ಲೇ ಅವಳನ್ನು ಪುಸ್ತಕದ ಮುಂದೆ ಕೂರಿಸಿ ಗಡಿಯಾರ ನೋಡುತ್ತ ನಿಂತೆ. ನಾಲ್ಕನೆಯ ನಿಮಿಷಕ್ಕೆ ಅವಳ ಕಣ್ಣು ಬೀದಿಗೆ ಹೋಯಿತು, ಪುಸ್ತಕದ ಅಂಚು ಮೇಜಿನಿಂದ ಬೆರಳಷ್ಟು ಹೊರಗೆ ಬಂತು. ಇನ್ನೆರಡು ಸಲ ನೋಡಿದೆವು, ಎರಡು ಸಲವೂ ನಾಲ್ಕನೆಯ ನಿಮಿಷವೇ. ಹಾಗಾದರೆ ನಮ್ಮ ಆ್ಯಪಿಗೆ ಮೂರು ನಿಮಿಷ ಎಂದು ನಿರ್ಧಾರವಾಯಿತು. ಮೂರು ನಿಮಿಷದಲ್ಲಿ ಹೃದಯದ ನಾಲ್ಕು ಕೋಣೆ ಓದಿ ಮುಗಿಯುತ್ತದಾ ಎಂದು ಅವಳೇ ನಕ್ಕಳು. ನಕ್ಕರೂ ಅವಳ ಭುಜ ಸ್ವಲ್ಪ ಸಡಿಲವಾದದ್ದನ್ನು ನಾನು ನೋಡಿದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಅವಳು ಕೇಳಿದಳು. “ಮೂರು ನಿಮಿಷದ ಒಳಗೇ ಮಧ್ಯ ಎದ್ದುಬಿಟ್ರೆ ಅದು ಏನಂತ ತೋರ್ಸುತ್ತೆ ಇಂದಣ್ಣ?”

ಅದಕ್ಕೊಂದು ಜಾಗ ಬಿಡೋಣ ಎಂದು ನೋಟ್‌ಬುಕ್ಕಿನಲ್ಲಿ ಒಂದು ಚೌಕ ಬರೆದೆ. ಚೌಕದ ಮೇಲೆ ‘ಮಧ್ಯದಲ್ಲಿ ಎದ್ದರೆ’ ಎಂದು ಬರೆದೆ. ಅವಳು ಹೋದ ಮೇಲೆ ಆ ಚೌಕವನ್ನು ನೋಡುತ್ತ ಕೂತೆ. ನಾನು ಜೀವನವಿಡೀ ಮಧ್ಯದಲ್ಲಿ ಎದ್ದವನು. ಎದ್ದಾಗಲೆಲ್ಲ ನನ್ನ ಅಪ್ಪ ಒಂದೇ ಮಾತು ಹೇಳುತ್ತಿದ್ದರು, ‘ನಿನ್ನ ಯೋಗ್ಯತೆಯೇ ಇಷ್ಟು’ ಎಂದು. ಪೆನ್ನಿಗೆ ಬಂದದ್ದೂ ಅದೊಂದೇ. ಆ ಮಾತನ್ನು ಆ ಹುಡುಗಿಗೆ ಹೇಳಲಾರೆ, ಬೇರೆ ಮಾತು ನನಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ನೋಡೋಣ ಎಂದುಕೊಂಡು ನೀರು ಕುಡಿಯಲು ಒಳಗೆ ಹೋದೆ. ಬಂದು ನೋಡಿದರೆ ಮೇಜು ಖಾಲಿ.

ಜಬೀನಕ್ಕನ ಮನೆ ಹತ್ತು ಹೆಜ್ಜೆ ದೂರ. ಹೋಗಿ ತರಬಹುದಿತ್ತು. ತಂದರೆ ಆ ಚೌಕದ ಮುಂದೆ ಮತ್ತೆ ಕೂರಬೇಕಿತ್ತಲ್ಲ. ನಾಳೆ ತಂದರಾಯಿತು ಎಂದುಕೊಂಡೆ, ಮರುದಿನ ನಾಳೆ ಎಂದುಕೊಂಡೆ. ತಾರಿಣಿ ದಿನಾ ಸಂಜೆ ಶಾಲೆಯಿಂದ ಬರುತ್ತ ಅಂಗಡಿಯ ಕಡೆ ನೋಡುವಳು, ಆಯ್ತಾ ಎಂದು ಕಣ್ಣಲ್ಲೇ ಕೇಳುವಳು. ಇನ್ನೊಂದೆರಡು ದಿನ ಎಂದು ನಾನು ಕೈ ಎತ್ತಿ ತೋರಿಸುವೆ. ಆಗಲಿ ಎಂದು ತಲೆಯಾಡಿಸಿ ಹೋಗುವಳು. ಅವಳು ಒಂದು ದಿನವೂ ಸಿಟ್ಟಾಗಲಿಲ್ಲ, ಅದೇ ನನಗೆ ಕಷ್ಟವಾಗಿತ್ತು. ಹೀಗೆ ಇಪ್ಪತ್ತಮೂರು ದಿನ ಕಳೆದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಇಪ್ಪತ್ತನಾಲ್ಕನೆಯ ದಿನ ಸಂಜೆ ತಾರಿಣಿ ನನ್ನ ಕಡೆ ನೋಡದೆ ಹೋದಳು. ಅಷ್ಟು ಸಾಕಾಯಿತು. ಅಂಗಡಿಯ ಬಾಗಿಲೂ ಎಳೆಯದೆ ನೋಟ್‌ಬುಕ್ ಹುಡುಕಿಕೊಂಡು ಹೊರಟೆ. ಜಬೀನಕ್ಕ ಅದನ್ನು ಕಳಿಸಿ ಎಷ್ಟೋ ದಿನವಾಯಿತು ಎಂದಳು. ಅಲ್ಲಿಂದ ಮುಂದಿನ ಮನೆ, ಅದರ ಮುಂದಿನ ಮನೆ, ಎಲ್ಲರೂ ಒಂದು ಕೈ ಹಾಕಿ ಕಳಿಸಿದ್ದೇವೆ ಎಂದು ಹೆಮ್ಮೆಯಿಂದ ಹೇಳುವವರೇ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ರುದ್ರೇಗೌಡರು ತಾವು ನಾಲ್ಕು ಪುಟ ಬರೆದಿರುವುದಾಗಿಯೂ, ಅದನ್ನು ಹಾಗೇ ಜಾರಿಗೆ ತಂದರೆ ಊರಿನಲ್ಲಿ ಒಬ್ಬನೂ ಫೇಲಾಗುವುದಿಲ್ಲವೆಂದೂ ತಿಳಿಸಿದರು. ಕೊನೆಗೆ ನೋಟ್‌ಬುಕ್ ಸಿಕ್ಕಿದ್ದು ಸಾಕಮ್ಮನ ಮನೆಯಲ್ಲಿ. ಆಕೆ ಜಗುಲಿಯ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾಲ್ಕು ದಿನದಿಂದ ಅದು ಅಲ್ಲೇ ಇದೆ ಎಂದು ತಾರಿಣಿ ಹೇಳಿದಳು. ಕೆಲಸದಿಂದ ಬಂದ ಕೂಡಲೇ ಅಮ್ಮ ಅದನ್ನು ಹಿಡಿದು ಕೂರುತ್ತಾಳೆ, ಅದು ಜರುಗುವುದೇ ಇಲ್ಲ ಎಂದಳು.

ನಾನು ಪಕ್ಕದಲ್ಲಿ ಕೂತು ಪುಟ ತಿರುಗಿಸಿದೆ. ಮೊದಲ ಪುಟದಲ್ಲಿ ನನ್ನ ಒಂದು ದುಂಡು, ಒಂದು ಗುಂಡಿ. ಅಲ್ಲಿಂದ ಮುಂದೆ ಬೀದಿಯವರೆಲ್ಲರ ಕೈ. ಮೂರು ನಿಮಿಷ ಸರಿ, ಆದರೆ ಒಳಗೆ ಸ್ವಲ್ಪ ಬಟ್ಟೆ ಮಡಚಿ ಬಿಟ್ಟಿರಿ, ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಬಹುದು ಎಂದು ಜಬೀನಕ್ಕ ಬರೆದಿದ್ದಳು. ಅದೊಂದು ನನಗೆ ಮೆಚ್ಚುಗೆಯಾಯಿತು. ಇನ್ನೊಬ್ಬರು ರಾಹುಕಾಲದಲ್ಲಿ ಶುರು ಗುಂಡಿ ಕೆಲಸ ಮಾಡಬಾರದು ಎಂದಿದ್ದರು. ಒಬ್ಬರು ಮಧ್ಯೆ ಮಧ್ಯೆ ಬಾದಾಮಿ ತಿನ್ನಲು ನೆನಪಿಸಬೇಕು ಎಂದಿದ್ದರು. ಯಾವುದೋ ಮಗು ಒಂದು ಪುಟದ ತುಂಬ ಸೂರ್ಯನನ್ನು ಬರೆದಿತ್ತು. ಎಲ್ಲವನ್ನೂ ಸೇರಿಸಿದ್ದರೆ ಆ ಆ್ಯಪ್ ತೆರೆಯಲಿಕ್ಕೇ ಒಂದು ಪರೀಕ್ಷೆ ಪಾಸು ಮಾಡಬೇಕಾಗುತ್ತಿತ್ತು. ಆದರೆ ಎಲ್ಲರೂ ಮನಸಾರೆ ಕೈ ಹಾಕಿದ್ದು ನನ್ನ ಆ ಚೌಕಕ್ಕೆ. ಅದರೊಳಗೆ ಜಾಗ ಸಾಲದೆ ಸುತ್ತಲೂ ಬರೆದಿದ್ದರು. ಮೂರು ಸಲ ಸೈರನ್ ಕೂಗಬೇಕು, ಫೋನಿಗೆ ಬೀಗ ಬೀಳಬೇಕು, ಹೆತ್ತವರಿಗೆ ತಕ್ಷಣ ಸಂದೇಶ ಹೋಗಬೇಕು ಎಂದು ಮೇಷ್ಟ್ರು. ನಾಚಿಕೆಯಾಗುವುದಿಲ್ಲವೇ ಎಂದು ಒಬ್ಬರು, ನಿನ್ನ ತಾಯಿಯ ಕೈ ನೋಡಿದ್ದೀಯಾ ಎಂದು ಇನ್ನೊಬ್ಬರು. ಹಸಿರು ಶಾಯಿ, ನೀಲಿ ಶಾಯಿ, ಪೆನ್ಸಿಲ್ಲು. ಒಳ್ಳೆಯ ಜನ ಇವರು, ದಿನಾ ಒಬ್ಬರಿಗೊಬ್ಬರು ಸಾರು ಕೊಟ್ಟು ತೆಗೆದುಕೊಳ್ಳುವವರು.

ಸಾಕಮ್ಮ ಆ ಪುಟದ ಮೇಲೆ ಬೆರಳಿಟ್ಟು, ಇದನ್ನೆಲ್ಲ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದೆ ಎಂದರು. ಬರೆದವರು ಬೇರೆ ಬೇರೆ, ಆದರೆ ಓದುವಾಗ ಎಲ್ಲವೂ ನನ್ನ ದನಿಯಲ್ಲೇ ಕೇಳಿಸಿತು ಎಂದರು. ಒಳಗೆ ಒಲೆಯ ಹತ್ತಿರ ನಿಂತಿದ್ದ ತಾರಿಣಿಗೆ ಇದು ಕೇಳಿಸುತ್ತಿತ್ತು, ಅವಳು ಈಚೆ ಬರಲಿಲ್ಲ.

“ನಮ್ಮ ವಾರ್ಡಲ್ಲಿ ಆಪರೇಶನ್ ಆದೋರನ್ನ ಎಬ್ಬಿಸಿ ನಡೆಸ್ತೀವಲ್ಲ ಇಂದಣ್ಣ,” ಎಂದರು ಸಾಕಮ್ಮ. “ನಾಲ್ಕು ಹೆಜ್ಜೆ ಇಟ್ಟು ಕುಸಿದುಬಿಡ್ತಾರೆ. ವಾಪಸ್ ಹೋಗು, ಮಂಚದಿಂದ ಶುರು ಮಾಡು ಅಂತ ನಾವು ಅನ್ನಲ್ಲ. ಅಲ್ಲೇ ಒಂದು ಕುರ್ಚಿ ಹಾಕ್ತೀವಿ. ಸುಧಾರಿಸ್ಕೊಂಡು ಐದನೇ ಹೆಜ್ಜೆ ಇಡ್ತಾರೆ. ಹದಿನಾರು ವರ್ಷದಿಂದ ಊರೋರಿಗೆಲ್ಲ ಕುರ್ಚಿ ಹಾಕಿದೀನಿ. ನನ್ನ ಮಗಳಿಗೆ ಹಾಕಿಲ್ಲ.”

ಆಮೇಲೆ ಆಕೆ ಹೇಳಿದಂತೆ ನಾನು ಹೊಸ ಪುಟದಲ್ಲಿ ಹೊಸ ಚೌಕ ಬರೆದೆ. ಒಂದು ನಿಮಿಷ ಓದಿ ಎದ್ದರೆ ಆ ನಿಮಿಷ ಅಳಿಯಬಾರದು. ಗಡಿಯಾರ ಮೊದಲಿಗೆ ಹೋಗಬಾರದು, ನಿಂತಲ್ಲೇ ನಿಂತಿರಬೇಕು. ಪರದೆಯ ಮೇಲೆ ಇಷ್ಟು ಬಂದರೆ ಸಾಕು: ‘ಒಂದು ನಿಮಿಷ ಆಗಿದೆ. ಇನ್ನೆರಡು ಇಲ್ಲೇ ಇದೆ.’ ನಾನು ಅದನ್ನು ಬರೆದು ಮುಗಿಸಿ, ತಲೆ ಎತ್ತದೆ, ಇಪ್ಪತ್ತಮೂರು ದಿನ ಇದನ್ನು ಬರೆಯಲು ಹೆದರಿ ಸುಳ್ಳು ಹೇಳುತ್ತ ಬಂದೆ ಎಂದು ಒಪ್ಪಿಕೊಂಡೆ. ಒಳಗಿನಿಂದ ತಾರಿಣಿ ಇನ್ನು ಎಷ್ಟು ದಿನ ಉಳಿದಿದೆ ಎಂದು ಕೇಳಿದಳು. ಹದಿನೆಂಟು ಎಂದೆ. ಹಾಗಾದರೆ ಹದಿನೆಂಟು ಇದೆ ಎಂದಳು.

ಆ್ಯಪ್ ಮೂರು ದಿನದಲ್ಲಿ ಆಯಿತು. ಮಾಡಿದ ರೀತಿ ಹೇಳಿದರೆ ನಗುತ್ತೀರಿ. ಮೊದಲು ಗಡಿಯಾರದ ಭಾಗವನ್ನಷ್ಟೇ ಮಾಡಿ, ಮುಂದಿನದನ್ನೆಲ್ಲ ಅದನ್ನೇ ಎದುರಿಗಿಟ್ಟುಕೊಂಡು ಮೂರು ಮೂರು ನಿಮಿಷದ ತುಂಡುಗಳಲ್ಲಿ ಮಾಡಿದೆ. ಮೂರು ನಿಮಿಷವೂ ಕೂರಲಾಗದೆ ಎದ್ದಾಗ ಅದು ನನಗೂ ಎಷ್ಟು ಆಗಿದೆ, ಎಷ್ಟು ಉಳಿದಿದೆ ಎಂದು ತೋರಿಸಿತು. ಮೂವತ್ತಾರು ವರ್ಷಕ್ಕೆ ಮೊದಲ ಸಲ ನಾನು ಎದ್ದು ನೀರು ಕುಡಿದು ಬಂದಾಗ ನನ್ನ ಕೆಲಸ ಮೇಜಿನ ಮೇಲೇ ಇತ್ತು.

ತಾರಿಣಿಯ ಮೊದಲ ದಿನ ಅಂಥ ಸಂಭ್ರಮದ್ದೇನಲ್ಲ. ಒಂದು ನಿಮಿಷಕ್ಕೇ ಎದ್ದಳಂತೆ. ಪುಸ್ತಕ ಹೊಸ್ತಿಲ ತನಕ ಹೋಯಿತಂತೆ. ಅವಳು ಫೋನ್ ನೋಡಿ, ಇನ್ನೆರಡು ಇದೆಯಲ್ಲ ಎಂದುಕೊಂಡಾಗ ಅದು ಹೊಸ್ತಿಲಲ್ಲೇ ನಿಂತಿತಂತೆ. ಹೋಗಿ ಎತ್ತಿಕೊಂಡು ಬಂದಳು. ಐದು ದಿನವಾದ ಮೇಲೆ ಮೂರನ್ನು ಐದು ಮಾಡಿಕೊಟ್ಟೆ, ಆಮೇಲೆ ಒಂಬತ್ತು. ಪರೀಕ್ಷೆಯ ವಾರದ ಹೊತ್ತಿಗೆ ಹದಿನೆಂಟು ನಿಮಿಷ ಅಲುಗದೆ ಕೂರುತ್ತಿದ್ದಳು. ಇದರಿಂದ ನೊಂದವರು ತಿಪ್ಪೇಸ್ವಾಮಿಯವರು ಒಬ್ಬರೇ. ಪುಸ್ತಕ ಬರುವುದು ನಿಂತು ಮೂತ್ರಪಿಂಡದ ಅಧ್ಯಾಯ ಅರ್ಧಕ್ಕೇ ಉಳಿಯಿತು, ಮುಂದೇನಾಯಿತೋ ಏನೋ ಎಂದು ಜಗುಲಿಯಲ್ಲಿ ಕೂತು ಚಡಪಡಿಸುತ್ತಿದ್ದರು. ಸಾಕಮ್ಮನ ಮನೆಯಿಂದ ಬೈಗುಳ ಕೇಳಿಸುವುದೂ ನಿಂತಿತ್ತು. ಸಂಜೆ ಆಕೆ ಮಗಳ ಪಕ್ಕದಲ್ಲಿ ಸುಮ್ಮನೆ ಅಕ್ಕಿ ಆರಿಸುತ್ತ ಕೂರುತ್ತಿದ್ದರು.

ಪರೀಕ್ಷೆಯ ಕೋಣೆಗೆ ಫೋನ್ ಒಯ್ಯುವಂತಿಲ್ಲ. ಮೂರು ಗಂಟೆ ಹೇಗೆ ಕೂರುತ್ತಾಳೋ ಎಂದು ನನಗೆ ಆ ದಿನ ಒಂದು ಸ್ಕ್ರೂ ಕೂಡ ಸರಿಯಾಗಿ ತಿರುಗಿಸಲಾಗಲಿಲ್ಲ. ಮಧ್ಯಾಹ್ನ ಅವಳು ನೇರ ಅಂಗಡಿಗೆ ಬಂದಳು. ಪತ್ರಿಕೆ ಎರಡು ಸಲ ಪಕ್ಕದ ಬೆಂಚಿಗೆ ಹೋಯಿತು ಎಂದಳು. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಆಮೇಲೆ ಅವಳು ನಿಧಾನವಾಗಿ ಹೇಳಿದಳು, “ಮೂರನೇ ಸಲ ಜರುಗೋಕೆ ಶುರುವಾಯ್ತು ಇಂದಣ್ಣ. ಗೊತ್ತಿಲ್ಲದ ಪ್ರಶ್ನೆ. ಬಿಟ್ಟು ಮುಂದೆ ಹೋಗೋಣ ಅಂತ ಅನ್ನಿಸ್ತು, ಹೋಗ್ಲಿಲ್ಲ. ಏನೂ ಬರೀದೆ ಅದರ ಮುಂದೇನೇ ಕೂತಿದ್ದೆ. ಒಂದಾರು ನಿಮಿಷ ಆಗಿರಬಹುದು. ಅದೂ ಹೋಗ್ಲಿಲ್ಲ.”

ಉತ್ತರ ಬಂತಾ ಎಂದು ಕೇಳಿದೆ. ಅರ್ಧ ಬಂತು ಎಂದಳು. ಅವಳಿಗೆ ಅಷ್ಟರಿಂದಲೇ ಏನೋ ಸಮಾಧಾನವಾದಂತಿತ್ತು. ನನಗೆ ಆಗಲಿಲ್ಲ. ಫಲಿತಾಂಶಕ್ಕೆ ಐದು ವಾರ ಇತ್ತು, ಆ ಐದು ವಾರವೂ ನಾನು ಇಪ್ಪತ್ತಮೂರು ದಿನಗಳ ಲೆಕ್ಕ ಹಾಕುತ್ತಲೇ ಇದ್ದೆ. ಇವಳು ಫೇಲಾದರೆ ಆ ದಿನಗಳನ್ನು ನಾನು ಎಲ್ಲಿಂದ ತಂದುಕೊಡಲಿ?

ಫಲಿತಾಂಶ ಬಂದದ್ದು ಒಂದು ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ. ತಾರಿಣಿ ಅಂಗಡಿಯಲ್ಲೇ ನಿಂತಿದ್ದಳು, ನೋಡಲಾರೆ ಎಂದು ಗೋಡೆಯ ಕಡೆ ತಿರುಗಿದ್ದಳು. ನಾನು ನಂಬರ್ ಒತ್ತಿದೆ. ಪಾಸಾಗಲು ಐವತ್ತು ಬೇಕು. ಐವತ್ತಮೂರು ಬಂದಿತ್ತು. ಹೇಳಿದ ಕೂಡಲೇ ಅವಳು ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನೀವೇ ಹೋಗಿ ಅಮ್ಮನಿಗೆ ಹೇಳಿ ಎಂದಳು.

ನಾನು ನರ್ಸಿಂಗ್ ಹೋಮಿಗೆ ಓಡಿದೆ. ಸಾಕಮ್ಮ ತಾರಸಿಯ ಮೇಲೆ ಹಾಸಿಗೆಯ ಬಟ್ಟೆಗಳನ್ನು ಹಿಂಡುತ್ತಿದ್ದರು, ಪಕ್ಕದಲ್ಲಿ ಒದ್ದೆ ಬಟ್ಟೆಯ ಗುಡ್ಡೆ. ಪಾಸಾದಳು ಎಂದೆ. ಆಕೆಯ ಕೈ ನಿಂತಿತು. ಮುಖವೆಲ್ಲ ಒಮ್ಮೆ ಕದಡಿತು, ಆಮೇಲೆ ಬಟ್ಟೆಯ ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದರು.

“ಹನ್ನೊಂದಕ್ಕೆ ಡಾಕ್ಟರು ರೌಂಡ್ಸಿಗೆ ಬರ್ತಾರೆ ಇಂದಣ್ಣ. ಇದು ಹಿಡ್ಕೊಳ್ಳಿ. ಎಲ್ಲ ಒಣಗಹಾಕಿ ಆಮೇಲೆ ಅಳ್ತೀನಿ.”

ಇಬ್ಬರೂ ಸೇರಿ ಎಲ್ಲ ಬಟ್ಟೆ ಹಿಂಡಿ ಒಣಗಹಾಕಿದೆವು. ಅವರ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಗಟ್ಟಿ ಹೆಂಗಸು ಎಂದುಕೊಂಡು ನಾನು ವಾಪಸು ಬಂದೆ. ಬೀದಿಗೆ ಕಾಲಿಟ್ಟರೆ ತಿಪ್ಪೇಸ್ವಾಮಿಯವರು ಜಗುಲಿಯಲ್ಲಿ ಪೇಪರ್ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ, ಮೀಸೆಯೆಲ್ಲ ಒದ್ದೆ. ಪೇಪರಿನಲ್ಲಿ ಅಳುವಂಥದ್ದು ಏನಿದೆ ಎಂದು ಅವರ ಹೆಂಡತಿ ಪುಟ ತಿರುವಿ ಹುಡುಕುತ್ತಿದ್ದಾರೆ. ನಾನು ಹತ್ತಿರ ಹೋದಾಗ ಅವರು ಯಾರೂ ಸತ್ತಿಲ್ಲ ಕಣಪ್ಪ, ಯಾಕೋ ನಿಲ್ಲುತ್ತಿಲ್ಲ ಎಂದರು. ಆಗ ನನಗೆ ಹೊಳೆಯಿತು, ತಾರಸಿಯ ಮೇಲಿನ ಆ ‘ಆಮೇಲೆ’ ಇಲ್ಲಿಗೆ ಬಂದಿದೆ. ಇದು ನಿಮ್ಮದಲ್ಲ, ಸಾಕಮ್ಮನದು, ಮಗಳು ಪಾಸಾದಳು ಎಂದೆ. ಅವರು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. “ಹಂಗಾದ್ರೆ ಇನ್ನೊಂದ್ ಸ್ವಲ್ಪ ಅಳ್ತೀನಿ ಇರು,” ಎಂದು ಮತ್ತೆ ಶುರು ಮಾಡಿದರು.

ಕಾಫಿ ಆರುತ್ತದೆ ಎಂದು ಹೆಂಡತಿ ಕರೆದಾಗ ಅವರು ಎದ್ದರು, ಅಳು ಪಕ್ಕದ ಹಿಟ್ಟಿನ ಗಿರಣಿಗೆ ಹೋಯಿತು. ಬಸವಣ್ಣೆಪ್ಪ ಗಿರಣಿ ನಿಲ್ಲಿಸಿ, ಹಿಟ್ಟಿನ ಮುಖದ ಮೇಲೆ ಎರಡು ಗೆರೆ ಮೂಡುವಷ್ಟು ಅತ್ತ. ಆಮೇಲೆ ನನ್ನ ಸರದಿ. ಯಾರದೋ ಫೋನ್ ಬಿಚ್ಚಿಟ್ಟುಕೊಂಡಿದ್ದೆ, ಇದ್ದಕ್ಕಿದ್ದಂತೆ ಎದೆಯ ಒಳಗಿಂದ ಎದ್ದು ಬಂತು. ಬರೀ ಸಂತೋಷದ ಅಳು ಇರಬಹುದು ಅಂದುಕೊಂಡಿದ್ದೆ. ಹಾಗಿರಲಿಲ್ಲ. ಬೈದು ಮಲಗಿದ ದಿನಗಳ ಸಂಕಟ ಅದರಲ್ಲಿತ್ತು, ಬಿಸಿನೀರಿನಲ್ಲಿ ಬೆಂದ ಬೆರಳುಗಳಿದ್ದವು, ಮಗಳು ಫೇಲಾದಾಗ ವಾರ್ಡಿನಲ್ಲಿ ಯಾರಿಗೂ ಹೇಳದೆ ನೆಲ ಒರೆಸಿದ ಎರಡು ಮಧ್ಯಾಹ್ನಗಳಿದ್ದವು. ಅಷ್ಟು ಭಾರವನ್ನು ಆಕೆ ಒಬ್ಬರೇ ಹೊತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಇಪ್ಪತ್ತಮೂರು ದಿನಗಳಿಗೂ ಸೇರಿಸಿ ಅತ್ತೆ. ಇನ್ನೂ ನೆಲದ ಮೇಲೇ ಕೂತಿದ್ದ ತಾರಿಣಿ ಗಾಬರಿಯಿಂದ ನೋಡುತ್ತಿದ್ದಳು. ಗಿರಾಕಿ ಬಂದು ಫೋನ್ ಆಯಿತೇ ಎಂದು ಕೇಳಿದಾಗ ಮೂಗು ಒರೆಸಿಕೊಂಡು ಎದ್ದೆ. ಪಕ್ಕದಲ್ಲಿ ಜಬೀನಕ್ಕನ ಮಿಷಿನ್ ನಿಂತ ಸದ್ದು ಕೇಳಿಸಿತು.

ಮಧ್ಯಾಹ್ನವೆಲ್ಲ ಅದು ಬೀದಿ ಸುತ್ತಿತು. ಒಂದೊಂದು ಮನೆಯೂ ಒಂದು ಕೈ ಹಾಕಿತು. ಮೇಷ್ಟ್ರು ಬಾಗಿಲು ಹಾಕಿಕೊಂಡರು, ಅವರ ಮನೆಯಲ್ಲಿ ಅದು ಎಲ್ಲರಿಗಿಂತ ಹೆಚ್ಚು ಹೊತ್ತು ಇತ್ತು.

ಸಂಜೆ ಐದಕ್ಕೆ ಸಾಕಮ್ಮ ಬಂದರು. ಚೀಲ ಗೂಟಕ್ಕೆ ಹಾಕಿ, ಕಾಲು ತೊಳೆದು, ಜಗುಲಿಯ ಮೇಲೆ ಮಗಳ ಪಕ್ಕದಲ್ಲಿ ಕೂತರು. ನಾವು ನಮ್ಮ ನಮ್ಮ ಜಗುಲಿಗಳಲ್ಲಿ ನಿಂತಿದ್ದೆವು. ಆಕೆ ಸೆರಗು ತೆಗೆದು ಕಣ್ಣಿಗೆ ಹಿಡಿದುಕೊಂಡು, ಈಗ ಅಳಬಹುದು ಎನ್ನುವ ಹಾಗೆ ಭುಜ ಸಡಿಲ ಬಿಟ್ಟರು. ಒಂದು ಕಣ್ಣಿನಿಂದ ಒಂದು ಹನಿ ಬಂತು. ಇನ್ನೊಂದು ಕಣ್ಣಿನಿಂದ ಇನ್ನೊಂದು. ಮತ್ತೆ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದರು. ಬರಲಿಲ್ಲ. ಸೆರಗು ಇಳಿಸಿ ಸುತ್ತಲೂ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

“ಇಷ್ಟೇನಾ ನನಗೆ ಉಳಿಸಿರೋದು?” ಎಂದು ಕೇಳಿದರು.

ಎಲ್ಲರ ಕಣ್ಣುಗಳೂ ಇನ್ನೂ ಕೆಂಪಾಗಿದ್ದವು.